ಮಾಯದ ಹುಣ್ಣು, ಕೆಟ್ಟ ಬೀಜ

ಊಟವಾದ ಮೇಲೆ ಎಲೆ ಅಡಿಕೆ ಹಾಕದಿದ್ದರೆ ನಮಗೆ ಉಂಡಂತೆಯೇ ಆಗುವುದಿಲ್ಲ. ಜೊತೆಗೆ ಸುಣ್ಣ, ಒಂದು ಚೂರು ಹೊಗೆಸೊಪ್ಪೋ ಕಡ್ಡಿಪುಡಿಯೋ. ಕೆಲವರಂತೂ ಅದನ್ನು ದವಡೆಯಲ್ಲಿ ಇಟ್ಟುಕೊಂಡೇ ಉಳುಮೆ ಮುಗಿಸುತ್ತಾರೆ, ನಿದ್ದೆಯನ್ನೂ ಮಾಡುತ್ತಾರೆ. ಇದರಿಂದ ಬಾಯಿಯ ಕ್ಯಾನ್ಸರ್ ಹೇಗೆ ಬರುತ್ತದೆ ಎಂಬುದನ್ನು ಈ ದಿನ ತಿಳಿಯೋಣ.

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ. ಇದೇ ಉರಿಯೂತ. ರಕ್ತದ ಬಿಳಿಕಣಗಳು ಕಾವಲಿಗೆ ಬಂದು, ಗಾಯ ಮಾಯುತ್ತಲೇ ಹಿಂದಿರುಗುತ್ತವೆ. ಇದು ಒಳ್ಳೆಯದೇ. ಆದರೆ ದಿನವೂ ಸುಣ್ಣ ಸುಡುತ್ತಾ, ಅಡಿಕೆ ತರಚುತ್ತಾ ಇದ್ದರೆ ಈ ಕಾವಲುಗಾರರು ಹಿಂದಿರುಗುವುದೇ ಇಲ್ಲ. ಅವು ಸುರಿಸುವ ತೀಕ್ಷ್ಣ ವಸ್ತುಗಳು ನಮ್ಮ ಜೀವಕೋಶಗಳನ್ನೇ ಘಾಸಿ ಮಾಡುತ್ತವೆ. ಸತ್ತವುಗಳ ಬದಲಿಗೆ ಹೊಸ ಕೋಶಗಳು ಮತ್ತೆ ಮತ್ತೆ ಹುಟ್ಟಬೇಕಾಗುತ್ತದೆ.

ಅಪಾಯ ಇರುವುದು ಇಲ್ಲೇ. ಬಿತ್ತನೆ ರಾಗಿಯಲ್ಲಿ ತಳಿಯ ಗುಣ ಅಡಗಿರುವಂತೆ ಕೋಶದೊಳಗೆ ವಂಶವಾಹಿಗಳಿವೆ. ಕೋಶ ಒಡೆದು ಎರಡಾಗುವಾಗಲೆಲ್ಲ ಅವುಗಳ ನಕಲಾಗಬೇಕು. ನಕಲು ಹೆಚ್ಚಿದಷ್ಟೂ ತಪ್ಪು ನುಸುಳುವುದು ಹೆಚ್ಚು. ಹೊಗೆಸೊಪ್ಪಿನ ವಿಷಗಳಂತೂ ವಂಶವಾಹಿಗೆ ನೇರವಾಗಿ ಅಂಟಿಕೊಂಡು ಕೆಡಿಸುತ್ತವೆ. "ಬೆಳೆ" ಎನ್ನುವ ವಂಶವಾಹಿಗಳಿವೆ. "ಸಾಕು, ನಿಲ್ಲು" ಎನ್ನುವವೂ ಇವೆ. ಪಿ-53 ಎಂಬುದು ಇಂಥ ಒಂದು ಮೂಗುದಾರ. ಮೂಗುದಾರ ಹರಿದ ಎತ್ತು ಯಾರ ಮಾತು ಕೇಳೀತು? ಆದರೂ ಒಂದೇ ತಪ್ಪಿನಿಂದ ಕ್ಯಾನ್ಸರ್ ಆಗದು. ಹಲವು ತಪ್ಪುಗಳು ವರ್ಷಗಟ್ಟಲೆ ಒಂದೇ ಕೋಶದ ಸಂತತಿಯಲ್ಲಿ ಕೂಡಿಬರಬೇಕು.

ಕಳೆಯ ಬೀಜ ಒಣನೆಲದಲ್ಲಿ ಸುಮ್ಮನೆ ಬಿದ್ದಿರುತ್ತದೆ. ನೀರು ಗೊಬ್ಬರ ಸಿಕ್ಕಿತೋ, ಹೊಲವನ್ನೇ ನುಂಗುತ್ತದೆ. ಕೆಟ್ಟ ಕೋಶವೇ ಕಳೆಯ ಬೀಜ. ಉರಿಯೂತವೇ ಅದಕ್ಕೆ ನೀರು ಗೊಬ್ಬರ. ಅದು ಕೋಶಕ್ಕೆ ಬೆಳೆಯುವ ಸಂಜ್ಞೆ ಕೊಡುತ್ತದೆ, ಹೊಸ ರಕ್ತನಾಳಗಳನ್ನು ತರಿಸುತ್ತದೆ. ಕೆಟ್ಟ ಕೋಶಗಳೂ ಉರಿಯೂತವನ್ನು ಕೆರಳಿಸುತ್ತವೆ. ಹೀಗೆ ಎರಡೂ ಸೇರಿ ಗಂಟು ಬೆಳೆಸುತ್ತವೆ.

"ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕಿದರೆ?" ಎಂದು ನೀವು ಕೇಳಬಹುದು. ಅಡಿಕೆ ಬೆಳೆಗಾರರಿಗೆ ಈ ಮಾತು ಕಹಿ, ಆದರೆ ಮುಚ್ಚಿಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2004ರ ವರದಿ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ಹೇಳಿದೆ.

ಈಗ ಒಂದು ಕೆಲಸ ಮಾಡಿ. ಬಾಯಿ ಕಳೆದು ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಿಡಿಸಿ ನೋಡಿ. ಹಿಡಿಸದಿದ್ದರೆ, ಖಾರ ತಿಂದರೆ ಉರಿಯುತ್ತಿದ್ದರೆ, ಬಿಳಿ ಇಲ್ಲವೆ ಕೆಂಪು ಮಚ್ಚೆಯಿದ್ದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಲ್ಲಿಗೋ ಹೋಗಿ. ಎಲೆ ಅಡಿಕೆ, ಹೊಗೆಸೊಪ್ಪು ಇವತ್ತೇ ಬಿಡಿ. ನೀರು ನಿಲ್ಲಿಸಿದರೆ ಕಳೆಗೆ ಬಲ ಬಾರದು. ಎರಡೆಲೆ ಇರುವಾಗಲೇ ಕಳೆ ಕೀಳುವುದು ಸುಲಭವೆಂದು ನಿಮಗೆ ನಾನು ಹೇಳಬೇಕೆ?