ಶಾಸನದಲ್ಲೊಂದು ನಿಷೇಧ: ಔಷಧೋದ್ಯಮದ ಪ್ರಭಾವಕ್ಕೊಂದು ನಿದರ್ಶನ

ರಾಜಕೀಯದಲ್ಲಿ ಧನಬಲವೆಂದೊಡನೆ ನಮಗೆ ಲಂಚದ ನೆನಪಾಗುವುದು ಸಹಜ. ಆದರೆ ಅದು ಕಾನೂನನ್ನು ಮುರಿಯದೆಯೇ ಕಾನೂನಿನೊಳಗೆ ಪ್ರವೇಶಿಸಬಲ್ಲುದೆಂಬುದನ್ನು ಅಮೆರಿಕದ ಒಂದು ನಿದರ್ಶನದಿಂದ ನಾವಿಲ್ಲಿ ವಿವೇಚಿಸಬಯಸುತ್ತೇವೆ.

ಆ ದೇಶದ ವೃದ್ಧರಿಗಾಗಿ 1965ರಲ್ಲಿ ಸ್ಥಾಪಿತವಾದ ಮೆಡಿಕೇರ್ ಯೋಜನೆಗೆ, ವೈದ್ಯರು ಬರೆದುಕೊಡುವ ಔಷಧಗಳ ವಿಮೆಯನ್ನು ಸೇರಿಸಿದ್ದು 2003ರ ಶಾಸನ. ತಯಾರಕರಿಗೂ ವಿಮಾ ಸಂಸ್ಥೆಗಳಿಗೂ ನಡೆಯುವ ಬೆಲೆಯ ಮಾತುಕತೆಯಲ್ಲಿ ಸರ್ಕಾರವು ಕೈಹಾಕಕೂಡದೆಂದು ಅದೇ ಶಾಸನವು ವಿಧಿಸಿತು. ಔಷಧೋದ್ಯಮವು ಬಹುವಾಗಿ ಬಯಸಿದ್ದ ವಿಧಿಯಿದು. ನಿವೃತ್ತ ಸೈನಿಕರ ಇಲಾಖೆಯಾದರೋ ಚೌಕಾಶಿ ಮಾಡಿಯೇ ಔಷಧಗಳನ್ನು ಕೊಳ್ಳುತ್ತಿತ್ತು. ಸರ್ಕಾರದ ಒಂದು ಕೈಗಿದ್ದ ಅಧಿಕಾರ ಇನ್ನೊಂದಕ್ಕೆ ಇಲ್ಲವಾಯಿತು.

ಮಸೂದೆಯ ರಚನೆಯಲ್ಲಿ ಪ್ರಮುಖ ಪಾತ್ರ ವಹಿಸಿದ ಪ್ರತಿನಿಧಿ ಸಭೆಯ ಸಮಿತಿಯೊಂದರ ಅಧ್ಯಕ್ಷ ಬಿಲ್ಲಿ ಟೌಜಿನ್, 2005ರಲ್ಲಿ ಔಷಧ ತಯಾರಕರ ಸಂಘದ ಮುಖ್ಯಸ್ಥರಾದರು. ಇದು ಕಾನೂನಿಗೆ ವಿರುದ್ಧವಾಗಿರಲಿಲ್ಲ. ವಿಚಾರಾರ್ಹವಾದ ಅಂಶವೇ ಅದು.

ಸ್ಪರ್ಧೆಯಿಂದಲೇ ಬೆಲೆ ಇಳಿಯುವುದೆಂದೂ, ಲಾಭ ಕುಗ್ಗಿದರೆ ಸಂಶೋಧನೆ ಕುಂಠಿತವಾಗುವುದೆಂದೂ ಸಮರ್ಥಕರ ವಾದ. ಅದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಇಂತಹ ವಿಧಿಯ ಲಾಭ ಕೆಲವೇ ಸಂಸ್ಥೆಗಳಲ್ಲಿ ಕೂಡುತ್ತದೆ. ನಷ್ಟ ಕೋಟ್ಯಂತರ ಜನರಲ್ಲಿ ಹಂಚಿಹೋಗುತ್ತದೆ. ಆದುದರಿಂದಲೇ ಮೊದಲಿನವರು ಸಂಘಟಿತರು, ಉಳಿದವರು ಚದುರಿದವರು.

2022ರ ಶಾಸನವು ಆ ನಿಷೇಧವನ್ನು ಭಾಗಶಃ ಸಡಿಲಿಸಿತು. ಮೊದಲ 10 ಔಷಧಗಳ ಹೊಸ ಬೆಲೆ 2026ರ ಜನವರಿಯಿಂದ ಅನ್ವಯವಾಗುವಂತೆ ಗೊತ್ತಾಯಿತು. ಒಂದು ವಿಧಿಯನ್ನು ಸಡಿಲಿಸಲು 19 ವರ್ಷಗಳು ಬೇಕಾದುವು. ಶಾಸನವನ್ನು ಅಭ್ಯಸಿಸುವ ವಿದ್ಯಾರ್ಥಿಯು ಅದು ಕೊಡುವುದನ್ನು ಮಾತ್ರವಲ್ಲದೆ, ತಡೆಯುವುದನ್ನೂ ಗಮನಿಸಬೇಕು.