ಮೈಸೂರು ಎಂಬ ಹಡಗು

ಕಬ್ಬೂರಿನಲ್ಲಿ ಕುಳಿತು ಕಡಲಿನ ಮಾತನ್ನಾಡುವುದು ವಾಚಕರಿಗೆ ವಿನೋದವೆನಿಸೀತು. ಚಿಕ್ಕೋಡಿ ಸೀಮೆಗೂ ಪಡುಗಡಲಿಗೂ ನಡುವೆ ಸಹ್ಯಾದ್ರಿಯೇ ಅಡ್ಡವಾಗಿದೆ. ಆದರೂ ನಮ್ಮ ಹೆಸರನ್ನು ಹೊತ್ತು ತಿರುಗಿದ ಹಡಗೊಂದರ ಕಥೆ ನಮಗೂ ಸಲ್ಲತಕ್ಕದ್ದು. ‘ನಮ್ಮ ಹೆಸರು’ ಎಂದುದಕ್ಕೆ ಲೆಕ್ಕ ಒಪ್ಪಿಸಬೇಕು. 1956ರ ನವೆಂಬರ್ 1ರಂದು, ಚಂದಗಡ ತಾಲೂಕನ್ನುಳಿದು, ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಹತ್ತು ತಿಂಗಳು ಕಳೆಯುವಷ್ಟರಲ್ಲಿ, 1957ರ ಆಗಸ್ಟ್ 29ರಂದು, ಇಂಗ್ಲೆಂಡಿನ ಬರ್ಕನ್‌ಹೆಡ್ಡಿನಲ್ಲಿ ಹಳೆಯ ಯುದ್ಧನೌಕೆಯೊಂದು ‘ಮೈಸೂರು’ ಆಗಿ ಭಾರತದ ಸೇವೆಗೆ ಬಂದಿತು. ಊರೂ ಹೊಸದಾಗಿ ಮೈಸೂರು, ಹಡಗೂ ಹೊಸದಾಗಿ ಮೈಸೂರು!

ಅದರ ಪೂರ್ವಾಶ್ರಮದ ಹೆಸರು ‘ನೈಜೀರಿಯಾ’. 1939ರಲ್ಲಿ ನ್ಯೂಕಾಸಲ್ಲಿನಲ್ಲಿ ನೀರಿಗಿಳಿದ ಕ್ರೂಸರ್ ಅದು. 1941ರ ಜೂನ್‌ನಲ್ಲಿ ಉತ್ತರದ ಮಂಜುಗಡಲಲ್ಲಿ ಜರ್ಮನರ ಹವಾಮಾನ ಹಡಗೊಂದನ್ನು ಬೆನ್ನಟ್ಟಿ ಹಿಡಿದ ತಂಡದಲ್ಲಿ ಅದಿತ್ತು. ಶತ್ರುವಿನ ಗೂಢಲಿಪಿಯ ಕಾಗದಗಳು ಅಲ್ಲಿ ಕೈಸೇರಿದವು. 1942ರ ಆಗಸ್ಟ್ 12ರಂದು, ಮಾಲ್ಟಾಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಕಾವಲಾಗಿ ಹೋಗುತ್ತಿದ್ದಾಗ, ಇಟಲಿಯ ‘ಆಕ್ಸುಮ್’ ಜಲಾಂತರ್ಗಾಮಿ ಒಮ್ಮೆಗೇ ಬಿಟ್ಟ ಟಾರ್ಪೆಡೊಗಳು ಮೂರು ಹಡಗುಗಳಿಗೆ ತಗುಲಿದವು. ‘ನೈಜೀರಿಯಾ’ದಲ್ಲಿ 52 ಜನ ಸತ್ತರು, ಹಡಗು ಮಾತ್ರ ಕುಂಟುತ್ತ ಜಿಬ್ರಾಲ್ಟರನ್ನು ಮುಟ್ಟಿತು. ಇಂಥ ಗಾಯಾಳುವನ್ನು ಭಾರತ 1954ರಲ್ಲಿ ಕೊಂಡು, ಮೂರು ವರ್ಷ ದುರಸ್ತಿ ಮಾಡಿಸಿತು.

ಆ ಹಡಗಿನ ದೊಡ್ಡ ದಿನ ಯಾವುದು? 1971ರ ಯುದ್ಧವೆಂದು ಹಲವರು ಹೇಳಿಯಾರು. ಆಗ ಅದು ಪಶ್ಚಿಮ ನೌಕಾಪಡೆಯ ಧ್ವಜನೌಕೆಯೇನೋ ಹೌದು; ಆದರೆ ಕರಾಚಿಯನ್ನು ಸುಟ್ಟ ಕೀರ್ತಿ ಸಣ್ಣ ಕ್ಷಿಪಣಿ ದೋಣಿಗಳದು. ಆರಂಗುಲದ ಫಿರಂಗಿಗಳ ಕಾಲ ಮುಗಿಯುತ್ತ ಬಂದಿತ್ತು. ನನ್ನ ಮಟ್ಟಿಗೆ ಆ ದಿನ 1961ರ ಡಿಸೆಂಬರ್ 18.

ಕಾರವಾರದ ಕಣ್ಣೆದುರಿಗೇ ಇರುವ ಅಂಜುದೀವ ದ್ವೀಪ ಆಗ ಪೋರ್ಚುಗೀಸರ ವಶದಲ್ಲಿತ್ತು. 1498ರಲ್ಲಿ ವಾಸ್ಕೋ ಡ ಗಾಮ ಲಂಗರು ಹಾಕಿದ ತಾಣವದು. 1961ರ ನವೆಂಬರಿನಲ್ಲಿ ಅಲ್ಲಿಂದ ಹಾರಿದ ಗುಂಡು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿಗೂ ಬಡಿಯಿತು, ಮೀನುಗಾರರ ದೋಣಿಗೂ ಬಡಿಯಿತು. ಒಬ್ಬ ಮೀನುಗಾರ ಸತ್ತ. ಗೋವಾ ವಿಮೋಚನೆಯ ದಿನ ದ್ವೀಪವನ್ನು ಹಿಡಿಯುವ ಕೆಲಸ ‘ಮೈಸೂರು’ ಮತ್ತು ‘ತ್ರಿಶೂಲ’ಗಳಿಗೆ ಬಂದಿತು. ಮೊದಲ ತಂಡ ಬೆಳಗ್ಗೆ ದಡವೇರಿತು. ದ್ವೀಪದಲ್ಲಿ ಬಿಳಿಯ ಬಾವುಟ ಕಾಣಿಸಿತೆಂದೂ ಬಳಿಕ ಗುಂಡಿನ ಮಳೆ ಸುರಿಯಿತೆಂದೂ ನಮ್ಮ ನೌಕಾಪಡೆಯ ವೃತ್ತಾಂತ. ಹಡಗಿನ ಫಿರಂಗಿಗಳು ಮೊಳಗಿದವು, ದ್ವೀಪ ವಶವಾಯಿತು. ಏಳು ಮಂದಿ ನಾವಿಕರು ಮಡಿದರು. ಗೋವೆಯ ನೌಕಾನೆಲೆ ‘ಗೋಮಾಂತಕ’ದಲ್ಲಿ ಅವರ ಸ್ಮಾರಕವಿದೆ. ಪಠ್ಯಪುಸ್ತಕದ ‘ರಕ್ತಪಾತವಿಲ್ಲದ ವಿಮೋಚನೆ’ ಎಂಬ ಮಾತನ್ನು ವಿದ್ಯಾರ್ಥಿಗಳು ಒಪ್ಪಿಸುವಾಗಲೆಲ್ಲ ನನಗೆ ಆ ಏಳು ಮಂದಿ ನೆನಪಾಗುತ್ತಾರೆ.

1973ರ ನವೆಂಬರ್ 1ರಂದು ನಾಡಿನ ಹೆಸರು ಕರ್ನಾಟಕವಾಯಿತು. ಹಡಗು ಮಾತ್ರ ಬಿಟ್ಟ ಹೆಸರನ್ನೇ ಹೊತ್ತು, ಎಳೆಯ ಕೆಡೆಟ್ಟುಗಳಿಗೆ ಕಡಲ ಪಾಠ ಹೇಳುತ್ತ, ಇನ್ನೂ ಹನ್ನೆರಡು ವರ್ಷ ತೇಲಿತು. 1985ರ ಆಗಸ್ಟ್ 20ರಂದು ನಿವೃತ್ತಿ, ಆಮೇಲೆ ಗುಜರಿ. ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ನಿರ್ಮಾಣಗೊಂಡ ಎರಡನೆಯ ‘ಮೈಸೂರು’ 1999ರಲ್ಲಿ ಸೇವೆಗೆ ಬಂದಿತು. ಅದರ ಲಾಂಛನದಲ್ಲಿ ಗಂಡಭೇರುಂಡವಿದೆ. ಅಂಜುದೀವ ಈಗ ಒಡ್ಡಿನಿಂದ ದಡಕ್ಕೆ ಕೂಡಿಕೊಂಡಿದೆ. 2005ರಲ್ಲಿ ಆರಂಭವಾದ ಅಲ್ಲಿನ ನೌಕಾನೆಲೆಗೆ ಕದಂಬರ ಹೆಸರನ್ನಿಟ್ಟಿದ್ದಾರೆ.