ಬೊಮ್ಮಾಯಿ ಕೇಸು ಗೆದ್ದರು, ಕುರ್ಚಿ ಸಿಗಲಿಲ್ಲ

ಅತಂತ್ರ ವಿಧಾನಸಭೆ ಬಂದಾಗಲೆಲ್ಲ ಟೀವಿ ಚರ್ಚೆಗಳಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಹೆಸರು ಏಳುತ್ತದೆ. ತಮ್ಮ ಸರ್ಕಾರದ ವಜಾ ವಿರುದ್ಧ ಅವರು ಹಾಕಿದ ಕೇಸಿನಲ್ಲಿ ಆದದ್ದೇನು ಎಂದು ಕೇಳಿ ನೋಡಿ. ಉತ್ತರ ಅರ್ಧ ಸರಿ, ಅರ್ಧ ತಪ್ಪು.

ತಪ್ಪು ಕಲ್ಪನೆ: ಸುಪ್ರೀಂ ಕೋರ್ಟು ಬೊಮ್ಮಾಯಿ ಸರ್ಕಾರವನ್ನು ಮರಳಿ ಕೂರಿಸಿತು.

ಇಲ್ಲ. 1989ರ ಏಪ್ರಿಲ್‌ನಲ್ಲಿ ಬೊಮ್ಮಾಯಿಯವರ ಪಕ್ಷವಾದ ಜನತಾದಳ ಬಿಟ್ಟ ಶಾಸಕರೊಬ್ಬರು, ಬೆಂಬಲ ವಾಪಸ್ ಪಡೆದಿದ್ದೇವೆ ಎಂಬ 19 ಪತ್ರಗಳನ್ನು ಹಿಡಿದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಬಳಿ ಹೋದರು. ರಾಜ್ಯಪಾಲರು ಸಹಿಗಳನ್ನು ತಾಳೆ ನೋಡಿಸಿ ದೆಹಲಿಗೆ ವರದಿ ಬರೆದರು. ಅಷ್ಟರಲ್ಲಿ ಪತ್ರ ಬರೆದವರಲ್ಲೇ ಏಳು ಮಂದಿ, ಸುಳ್ಳು ಹೇಳಿ ಸಹಿ ಹಾಕಿಸಿಕೊಂಡರು, ನಾವು ಬೊಮ್ಮಾಯಿಯವರ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಬೇಕಿದ್ದರೆ ಅಧಿವೇಶನವನ್ನು ಮೊದಲೇ ಕರೆದು ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಕೇಳಿಕೊಂಡರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆ ವಿಸರ್ಜನೆಯಾಯಿತು.

ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ವಜಾ ಸಂವಿಧಾನಬಾಹಿರ ಎಂದದ್ದು 1994ರ ಮಾರ್ಚ್ 11ರಂದು. ಆ ಹೊತ್ತಿಗೆ ಚುನಾವಣೆ ಮುಗಿದು, ವೀರೇಂದ್ರ ಪಾಟೀಲ, ಬಂಗಾರಪ್ಪ ಇಬ್ಬರೂ ಬಂದು ಹೋಗಿ, ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿದ್ದರು. ಮೂರ್ನಾಲ್ಕು ದಿನದಲ್ಲಿ ಆದ ತಪ್ಪನ್ನು ತಪ್ಪೆನ್ನಲು ಸುಮಾರು ಐದು ವರ್ಷ ಹಿಡಿಯಿತು.

ತಪ್ಪು ಕಲ್ಪನೆ: ಆ ತೀರ್ಪಿನಿಂದ ರಾಜ್ಯ ಸರ್ಕಾರಗಳನ್ನು ವಜಾ ಮಾಡುವ ಅಧಿಕಾರವೇ ಹೋಯಿತು.

ಅದೂ ಅಲ್ಲ. ಬಾಬರಿ ಮಸೀದಿ ಧ್ವಂಸದ ನಂತರ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರ್ಕಾರಗಳನ್ನು ವಜಾ ಮಾಡಿದ್ದನ್ನು ಇದೇ ತೀರ್ಪು ಎತ್ತಿಹಿಡಿಯಿತು. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದ ಭಾಗ ಎಂಬುದು ಅದರ ಆಧಾರ. ತೀರ್ಪನ್ನು ಹೊಗಳುವವರು ಈ ಪುಟವನ್ನು ಹೆಚ್ಚಾಗಿ ಮಗುಚುವುದೇ ಇಲ್ಲ.

ತಪ್ಪು ಕಲ್ಪನೆ: ಕೋರ್ಟು ಹೊಸ ಕಾನೂನನ್ನೇ ಬರೆದುಬಿಟ್ಟಿತು.

ಇದರಲ್ಲಿ ಒಂದಿಷ್ಟು ನಿಜವಿದೆ, ಹಾಗಾಗಿ ಹುಷಾರಾಗಿ ಹೇಳಬೇಕು. ರಾಷ್ಟ್ರಪತಿ ಆಳ್ವಿಕೆಗೆ ಅವಕಾಶ ಕೊಡುವ ಸಂವಿಧಾನದ 356ನೇ ವಿಧಿಯ ಒಂದಕ್ಷರವೂ ಆ ತೀರ್ಪಿನಿಂದ ಬದಲಾಗಲಿಲ್ಲ, ಅದನ್ನು ಓದುವ ರೀತಿ ಬದಲಾಯಿತು. ಮಂತ್ರಿಮಂಡಲ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತೆಂದು ಕೋರ್ಟು ಕೇಳುವಂತಿಲ್ಲ; ಆದರೆ ಯಾವ ಕಾಗದಪತ್ರ ನೋಡಿ ವಜಾ ಮಾಡಿದಿರಿ ಎಂದು ಕೇಳಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವತನಕ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದು, ವಿಸರ್ಜಿಸುವಂತಿಲ್ಲ. ವಜಾ ಅಕ್ರಮವೆಂದು ಕಂಡರೆ ಹೋದ ಸರ್ಕಾರವನ್ನು ಮತ್ತೆ ತರಲೂಬಹುದು. ಬೊಮ್ಮಾಯಿಯವರಿಗೆ ಸಿಗದೇ ಹೋದ ಈ ಪರಿಹಾರ 2016ರಲ್ಲಿ ಅರುಣಾಚಲ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ನಬಾಮ್ ಟುಕಿಯವರಿಗೆ ಸಿಕ್ಕಿತು.

ಬಹುಮತ ಎಣಿಸುವ ಜಾಗ ರಾಜಭವನವಲ್ಲ, ಸದನ ಎಂಬ ಆ ತೀರ್ಪಿನ ಮಾತಂತೂ ಕರ್ನಾಟಕಕ್ಕೇ ತಿರುಗಿ ಬಂತು. 2018ರ ಮೇನಲ್ಲಿ ರಾಜ್ಯಪಾಲರು ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ ಬಹುಮತ ತೋರಿಸಲು 15 ದಿನ ಕೊಟ್ಟಿದ್ದರು. 18ರಂದು ಸುಪ್ರೀಂ ಕೋರ್ಟು, ಮರುದಿನ ಸಂಜೆ ನಾಲ್ಕಕ್ಕೇ ವಿಶ್ವಾಸಮತ ಆಗಲಿ ಎಂದು ಹೇಳಿತು. 19ರಂದು ಅವರು ವಿಧಾನಸೌಧದಲ್ಲಿ ಭಾಷಣ ಮಾಡಿ, ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಡಲು ಹೊರಟರು.